ಕ್ಷೇತ್ರವೆಂಬ ಶಾಲೆ: ಸಂಜ್ಞಾ ದುಭಾಷಿಗಳ ಶಿಕ್ಷಣ ಕುರಿತು ನೀಲಗಿರಿಯಿಂದ ಕೆಲವು ಮಾತು

ಕೂನೂರಿನಿಂದ ಉದಕಮಂಡಲಕ್ಕೆ ಏರುವ ಬೆಟ್ಟದ ರೈಲು ವೆಲ್ಲಿಂಗ್ಟನ್ ದಾಟಿದ ಮೇಲೆ ಸಿಗುವ ನಿಲ್ದಾಣ ಅರವಂಕಾಡು. ಕಳೆದ ಶತಮಾನದ ಆರಂಭದಲ್ಲಿ ಸ್ಥಾಪನೆಗೊಂಡ ಕಾರ್ಡೈಟ್ ಕಾರ್ಖಾನೆಯ ಸುತ್ತ ಬೆಳೆದ ಊರು ಇದು. ಸುತ್ತಲಿನ ಬಡಗ ಹಟ್ಟಿಗಳ ಮಾತು, ತಮಿಳು, ಕನ್ನಡ, ಮಲಯಾಳಗಳು ಇಲ್ಲಿ ಒಟ್ಟಿಗೆ ಕೇಳಿಬರುತ್ತವೆ. ಹೀಗೆ ‘ಕೇಳಿಬರುತ್ತವೆ’ ಎಂದು ಬರೆಯುವಾಗಲೇ ನಾವು ಈ ಬೆಟ್ಟದ ಕೆಲವರನ್ನು ಲೆಕ್ಕದಿಂದ ಬಿಟ್ಟಿರುತ್ತೇವೆ. ಕಿವುಡರ ಭಾಷೆ ಕೇಳಿಬರುವಂಥದಲ್ಲ, ಕಾಣಬರುವಂಥದು. ಆ ಭಾಷೆಗೂ ಆಡುಮಾತಿಗೂ ನಡುವೆ ನಿಲ್ಲಬೇಕಾದ ದುಭಾಷಿ ತನ್ನ ವಿದ್ಯೆಯನ್ನು ಎಲ್ಲಿ, ಯಾರಿಂದ ಕಲಿಯಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರವೊಂದು ರೂಪುಗೊಂಡಿತು. ಅದು ಹೊರತಂದ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ರ ವೇಳೆಗೆ 10,000 ಪದಗಳನ್ನು ಮುಟ್ಟಿತು. ಇದು ಸಣ್ಣ ಸಾಧನೆಯಲ್ಲ. ಆದರೆ ನಿಘಂಟಿನ ದೃಶ್ಯತುಣುಕಿನಲ್ಲಿ ಸಂಜ್ಞೆಯು ಒಂಟಿಯಾಗಿ, ನಿಧಾನವಾಗಿ, ಕ್ಯಾಮೆರಾದ ಎದುರು ನಿಲ್ಲುತ್ತದೆ. ಬಸ್ ನಿಲ್ದಾಣದಲ್ಲಿ ಇಬ್ಬರು ಕಿವುಡ ಗೆಳೆಯರು ಜಗಳವಾಡುವಾಗ ಅದೇ ಸಂಜ್ಞೆ ಅರ್ಧಕ್ಕೇ ನಿಂತು ಮುಂದಿನದರೊಳಗೆ ಸೇರಿಹೋಗುತ್ತದೆ; ಹುಬ್ಬು, ತುಟಿ, ಭುಜಗಳು ವ್ಯಾಕರಣದ ಕೆಲಸ ಮಾಡುತ್ತವೆ. ಈ ವೇಗವನ್ನು ತರಗತಿ ಕಲಿಸಲಾರದು. ಆದ್ದರಿಂದ ಕ್ಷೇತ್ರಾನುಭವ ಬೇಕೆಂಬುದರಲ್ಲಿ ವಾದವಿಲ್ಲ. ಆದರೆ ಆ ಅನುಭವವನ್ನು ವಿದ್ಯಾರ್ಥಿ ಹಾಜರಿದ್ದ ಗಂಟೆಗಳಿಂದ ಅಳೆಯುವ ಪದ್ಧತಿ ಸರಿಯೇ ಎಂಬುದನ್ನು ವಿಚಾರಿಸಬೇಕು.

ವೈವಿಧ್ಯದ ಪ್ರಶ್ನೆಯನ್ನು ಮೊದಲು ನೋಡೋಣ. ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಜೇಮ್ಸ್ ವುಡ್‌ವರ್ಡ್ ಮೊದಲಾದವರು 1970ರ ದಶಕದ ಕೊನೆಯಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರುಗಳ ಸಂಜ್ಞೆಗಳನ್ನು ಹೋಲಿಸಿ, ಪದಗಳಲ್ಲಿ ಭೇದವಿದ್ದರೂ ಅವು ಪರಸ್ಪರ ಸಂಬಂಧಿಗಳೆಂದು ತೋರಿಸಿದರು. ಆದರೆ ನಮ್ಮ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಶಿಬಾಜಿ ಪಂಡಾ ಅಧ್ಯಯನ ಮಾಡಿದ ಸಂಜ್ಞಾ ಭಾಷೆ ನಗರಗಳ ಭಾಷೆಗಿಂತ ಬೇರೆಯೇ ಆದುದು. ಅಲ್ಲಿ ಕೇಳಬಲ್ಲ ಊರವರಲ್ಲೂ ಅನೇಕರು ಕೈಯಿಂದ ಮಾತನಾಡುತ್ತಾರೆ. ದೆಹಲಿಯ ನಿಘಂಟನ್ನಷ್ಟೇ ಬಲ್ಲ ವಿದ್ಯಾರ್ಥಿ ಅಲೀಪುರಕ್ಕೆ ಹೋದರೆ ಅಲ್ಲಿ ಅವನೇ ಭಾಷೆ ಬಾರದವನು. ಕ್ಷೇತ್ರಾನುಭವದ ಮೊದಲ ಪ್ರಯೋಜನವೂ ಇದೇ: ತನಗೇನು ತಿಳಿಯದು ಎಂಬುದು ತಿಳಿಯುವುದು.

ನೀಲಗಿರಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಹಟ್ಟಿಯ ಬಡಗ ತಾಯಿಯೊಬ್ಬಳು ಕಿವುಡ ಮಗಳನ್ನು ಆಸ್ಪತ್ರೆಗೆ ಕರೆತಂದಳೆಂದು ಭಾವಿಸೋಣ. ತಾಯಿಯ ಮಾತು ಬಡಗ, ವೈದ್ಯರದು ತಮಿಳು. ಮಗಳು ಶಾಲೆಯಲ್ಲಿ ಕಲಿತ ಸಂಜ್ಞೆಗಳ ಜೊತೆಗೆ ಮನೆಯವರೊಡನೆ ತಾನೇ ರೂಢಿಸಿಕೊಂಡ ಮನೆಸಂಜ್ಞೆಗಳನ್ನೂ ಬಳಸುತ್ತಾಳೆ. ತಮಿಳು, ಇಂಗ್ಲಿಷುಗಳ ಮೂಲಕ ತರಬೇತಿ ಪಡೆದ ದುಭಾಷಿಗೆ ಮಗಳ ಕೈ ಅರ್ಧ ತಿಳಿದೀತು, ತಾಯಿಯ ಮಾತು ತಿಳಿಯದು. ನೋವು ಎಲ್ಲಿ, ಎಂದಿನಿಂದ, ಯಾವ ಔಷಧಿ ಒಗ್ಗಲಿಲ್ಲ ಎಂಬ ವಿವರಗಳು ಈ ಎರಡು ಕಡೆಯ ಅಜ್ಞಾನದ ನಡುವೆ ಸೋರಿಹೋಗುತ್ತವೆ. ಸಂಜ್ಞಾ ದುಭಾಷಿಯ ಶಿಕ್ಷಣವೆಂದರೆ ಕೈಯ ಶಿಕ್ಷಣ ಮಾತ್ರವೆಂದು ತಿಳಿದಿರುವುದೇ ಇದಕ್ಕೆ ಕಾರಣ. ಬೆಟ್ಟದ ದುಭಾಷಿಗೆ ಎರಡು ಅಲ್ಪಸಂಖ್ಯಾತ ಭಾಷೆಗಳು ಬೇಕು: ಒಂದು ಕಣ್ಣಿನದು, ಒಂದು ಕಿವಿಯದು.

ನಡುವೆ ನಿಲ್ಲುವವರ ವಿಷಯದಲ್ಲಿ ಈ ಬೆಟ್ಟಕ್ಕೆ ಹಳೆಯ ಪಾಠವೊಂದಿದೆ. 1930ರ ದಶಕದಲ್ಲಿ ಇಲ್ಲಿ ತೊದ, ಕೋತ, ಬಡಗ ಭಾಷೆಗಳನ್ನು ಅಧ್ಯಯನ ಮಾಡಿದ ಎಂ. ಬಿ. ಎಮೆನೋ ಅವರ ಕೋತ ಪಠ್ಯಗಳು ಸುಲ್ಲಿ ಎಂಬ ಒಬ್ಬರೇ ಹೇಳಿ ಬರೆಸಿದವು. ಆ ಸಂಗ್ರಹದ ಬೆಲೆ ದೊಡ್ಡದು. ಆದರೂ ಒಂದು ಜನಾಂಗ ನಮಗೆ ಒಬ್ಬನ ಬಾಯಿಂದ ತಲಪಿತೆಂಬುದನ್ನು ಮರೆಯುವಂತಿಲ್ಲ. ಕಿವುಡರ ಪಾಲಿಗೆ ದುಭಾಷಿಯೂ ಹಾಗೆಯೇ. ಅವನು ಬಿಟ್ಟದ್ದು ಇಲ್ಲವಾಗುತ್ತದೆ, ಸೇರಿಸಿದ್ದು ಅವರದೆಂದೇ ದಾಖಲಾಗುತ್ತದೆ. ಮಾತನಾಡಲಾಗದ ಸಾಕ್ಷಿಯ ಹೇಳಿಕೆಯನ್ನು ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ ಪಡೆದು ಅದರ ವಿಡಿಯೊ ದಾಖಲೆ ಮಾಡಬೇಕೆಂದು 2013ರಲ್ಲಿ ಸಾಕ್ಷ್ಯ ಕಾನೂನಿಗೆ ಸೇರಿಸಿದ್ದರ ಹಿಂದೆ ಈ ಎಚ್ಚರ ಕಾಣುತ್ತದೆ. 2023ರಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯ ಮೂಲಕ ಹಾಜರಾದಾಗ ದೇಶ ಹೆಮ್ಮೆಪಟ್ಟಿತು. ಅಂಥ ದುಭಾಷಿ ಜಿಲ್ಲೆಯ ಕೋರ್ಟಿನಲ್ಲೂ ದೊರೆಯುವಂತೆ ಮಾಡುವುದು ತರಬೇತಿಯ ಹೊಣೆ.

ದುಭಾಷಿಗಳೇ ವಿರಳವಾಗಿರುವ ಕಡೆ ವಿದ್ಯಾರ್ಥಿಯ ಸೇವೆಯಾದರೂ ಇರಲಿ ಎಂಬ ವಾದವುಂಟು. ಇದರಲ್ಲಿ ಕನಿಕರವಿದೆ, ವಿವೇಕ ಸಾಲದು. ಮದುವೆ ಮನೆಯಲ್ಲಿ, ಸಂಘದ ಸಭೆಯಲ್ಲಿ ತಪ್ಪಿದರೆ ಮತ್ತೊಮ್ಮೆ ಕೇಳಬಹುದು. ಶಸ್ತ್ರಚಿಕಿತ್ಸೆಯ ಒಪ್ಪಿಗೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಹಾಗಲ್ಲ. ಅಲ್ಲಿ ವಿದ್ಯಾರ್ಥಿ ಅನುಭವ ಗಳಿಸಿದರೆ ಅದರ ಬೆಲೆಯನ್ನು ಕಿವುಡರು ತೆರುತ್ತಾರೆ. ಮಿಷೆಲ್ ಫ್ರೀಡ್ನರ್ 2015ರಲ್ಲಿ ಪ್ರಕಟಿಸಿದ, ಬೆಂಗಳೂರಿನ ಕಿವುಡರ ಬದುಕನ್ನು ಕುರಿತ ಕೃತಿಯಲ್ಲಿ ಯುವಕರು ಒಂದು ತರಬೇತಿ ಕೇಂದ್ರದಿಂದ ಇನ್ನೊಂದಕ್ಕೆ ಸುತ್ತುವ ಚಿತ್ರವಿದೆ. ಕಿವುಡರಿಂದ ಇತರರಿಗೆ ಆಗುವ ಲಾಭವನ್ನು ಅದು ನಮ್ಮ ಗಮನಕ್ಕೆ ತರುತ್ತದೆ. ದುಭಾಷಿಗಳ ತರಬೇತಿಯೂ ಆ ಪಟ್ಟಿಗೆ ಸೇರಬಾರದು.

ಹಾಗಾದರೆ ಮಾಡಬೇಕಾದುದೇನು? ವಿದ್ಯಾರ್ಥಿಯು ಮೊದಲ ತಿಂಗಳುಗಳಲ್ಲಿ ಕಿವುಡರ ನಡುವೆ ಅತಿಥಿಯಾಗಿರಲಿ, ದುಭಾಷಿಯಾಗಿ ಅಲ್ಲ. ಅವರ ಕೂಟಗಳಲ್ಲಿ ಕುಳಿತು ನೋಡಲಿ, ತಪ್ಪಲಿ, ತಿದ್ದಿಸಿಕೊಳ್ಳಲಿ. ಸಂಜ್ಞಾ ಭಾಷೆಯ ಬೋಧನೆಗೆಂದೇ ಡಿಪ್ಲೊಮಾ ಪಡೆದ ಕಿವುಡ ಶಿಕ್ಷಕರು ಈಗ ಸಿದ್ಧರಾಗುತ್ತಿದ್ದಾರೆ. ಕ್ಷೇತ್ರದ ಮಾರ್ಗದರ್ಶನವೂ ಮೌಲ್ಯಮಾಪನವೂ ಅವರ ಕೈಯಲ್ಲಿರಲಿ, ಆ ಶ್ರಮಕ್ಕೆ ಸಂಭಾವನೆ ಸಲ್ಲಲಿ. ‘ಇವನ ಸಂಜ್ಞೆ ನನಗೆ ತಿಳಿಯಲಿಲ್ಲ’ ಎಂದು ಒಬ್ಬ ಕಿವುಡ ಹೇಳಿದರೆ ಹಾಜರಿ ಪುಸ್ತಕದ ನೂರು ಗಂಟೆಗಳೂ ಅದರ ಮುಂದೆ ನಿಲ್ಲಬಾರದು.

ನಮ್ಮಂಥ ಭಾಷಾಧ್ಯಯನ ಕೇಂದ್ರಗಳಿಗೂ ಇದರಲ್ಲಿ ಪಾಲಿದೆ. ನಮ್ಮ ಕ್ಷೇತ್ರಕಾರ್ಯ ಈವರೆಗೆ ಧ್ವನಿಮುದ್ರಣವನ್ನೇ ನಂಬಿ ನಡೆದುದು. ಮಾಹಿತಿ ಕೊಟ್ಟವರನ್ನು ‘ವಕ್ತೃ’ ಎಂದೇ ಕರೆದೆವು. ಹಟ್ಟಿಯಲ್ಲಿ ಹಾಡು ಸಂಗ್ರಹಿಸುವಾಗ ಬಾಗಿಲಲ್ಲಿ ನಿಂತು ಕೈಯಾಡಿಸಿದವಳನ್ನು ನಾವೂ ದಾಟಿ ಒಳಹೋದವರೇ. ಮುಂದಿನ ಸಲ ಅಲ್ಲಿ ನಿಂತು ಅವಳನ್ನು ಮೊದಲು ಮಾತನಾಡಿಸುವಷ್ಟನ್ನು ಕಲಿತುಹೋಗೋಣ.