ಕ್ಲಾಂಪಿಗೂ ಮುಂಚೆ ಕೂಡಬೇಕಾದ ಹಲಗೆಗಳು

ಮನೆಯ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಮರಗೆಲಸಕ್ಕೆ ಕೂರುವವರು ಕೈಹಾಕುವ ಮೊದಲ ದೊಡ್ಡ ಕೆಲಸ ಸಾಮಾನ್ಯವಾಗಿ ಮೇಜಿನ ಮೇಲ್ಹಲಗೆ. ನಾಲ್ಕೈದು ಕಿರುಹಲಗೆಗಳ ಅಂಚಿಗೆ ಅಂಟು ಬಳಿದು, ಸಾಲಾಗಿ ಜೋಡಿಸಿ, ಕ್ಲಾಂಪ್ ಹಾಕಿ ಬಿಗಿದು ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಒಂದೇ ಅಗಲದ ಹಲಗೆ ಸಿದ್ಧ. ನೋಡಲು ಇಷ್ಟು ಸರಳವಾದ ಈ ಕೆಲಸದಲ್ಲಿ ಒಂದು ಕೆಟ್ಟ ರೂಢಿ ಬೇರುಬಿಟ್ಟಿದೆ. ಸಂದು ಕಂಡರೆ ಕ್ಲಾಂಪಿನ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸುವುದು, ಆಗಲೂ ಮುಚ್ಚದಿದ್ದರೆ ಪಕ್ಕದಲ್ಲೇ ಇನ್ನೊಂದು ಕ್ಲಾಂಪ್ ಹಾಕುವುದು. ಹತ್ತರಿ ಮಾಡಬೇಕಾಗಿದ್ದ ಕೆಲಸವನ್ನು ಕ್ಲಾಂಪಿನ ತಲೆಗೆ ಕಟ್ಟುವ ಈ ಅಭ್ಯಾಸದಿಂದಲೇ ಮನೆಯಲ್ಲಿ ಮಾಡಿದ ಹೆಚ್ಚಿನ ಮೇಜುಗಳು ಎರಡನೇ ಬೇಸಿಗೆಗೆ ಬಾಯಿ ಬಿಡುತ್ತವೆ.

ಮಲೆನಾಡಿನ ಹಳೆಯ ಮನೆಗಳಲ್ಲಿ ಒಂದೇ ಹಲಸಿನ ಹಲಗೆಯ ಬಾಗಿಲು ಈಗಲೂ ನೋಡಸಿಗುತ್ತದೆ. ಅಂಥ ಸುತ್ತಳತೆಯ ಮರ ಇಂದು ಮಿಲ್ಲಿಗೆ ಬರುವುದು ಅಪರೂಪ. ಬರುವುದು ತೋಟದಲ್ಲಿ ಬೆಳೆದ ಸಣ್ಣ ವಯಸ್ಸಿನ ತೇಗ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿಗೆ ನೆಟ್ಟ ಸಿಲ್ವರ್ ಓಕ್, ಅಕೇಶಿಯ. ಇವುಗಳಲ್ಲಿ ಕೆಚ್ಚಿನ ಪಾಲು ಕಡಿಮೆ. ಬೆಳ್ಳಗಿನ ಹೊರಭಾಗ ಕಳೆದರೆ ಕೈಗೆ ಸಿಗುವುದು ಮೂರು ನಾಲ್ಕು ಇಂಚಿನ ಪಟ್ಟಿಗಳು. ಅಗಲವಾದದ್ದು ಬೇಕೆಂದರೆ ಅಂಟಿಸದೆ ದಾರಿಯಿಲ್ಲ. ಹಾಗಾಗಿ ಈ ಕೆಲಸವನ್ನು ಚೆನ್ನಾಗಿ ಮಾಡುವುದು ನಮ್ಮ ಕಾಲದ ಮರಗೆಲಸಕ್ಕೆ ಅಗತ್ಯವೇ ಆಗಿದೆ.

ಅಂಟಿನ ಬಗ್ಗೆ ದೂರುವುದಕ್ಕೆ ಕಾರಣವಿಲ್ಲ. 1959ರಲ್ಲಿ ಫೆವಿಕಾಲ್ ಬರುವವರೆಗೆ ಬಡಗಿಗಳು ಪ್ರಾಣಿಗಳ ಚರ್ಮ ಮೂಳೆಯಿಂದ ತಯಾರಾದ ಸರೇಸನ್ನು ಕಾಯಿಸಿ, ಬಿಸಿಯಿರುವಾಗಲೇ ಬಳಿದು, ಆರುವುದರೊಳಗೆ ಕೂಡಿಸಬೇಕಿತ್ತು. ಪಿವಿಎ ಜಾತಿಯ ಬಿಳಿ ಅಂಟು ಆ ಧಾವಂತವನ್ನು ಬಹುಮಟ್ಟಿಗೆ ಕಳೆಯಿತು. ಅದರ ಶಕ್ತಿ ನೋಡಬೇಕೆಂದರೆ ಎರಡು ತುಂಡು ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ, ಮರುದಿನ ಬೆಂಚಿನ ಅಂಚಿಗಿಟ್ಟು ಸುತ್ತಿಗೆಯಿಂದ ಹೊಡೆದು ಮುರಿಯಬೇಕು. ಸರಿಯಾಗಿ ಕೂಡಿದ್ದರೆ ಬಿರುಕು ಜೋಡಣೆಯ ಗೆರೆಯನ್ನು ಬಿಟ್ಟು ಪಕ್ಕದ ಮರದೊಳಗೆ ಎಳೆಯ ಗುಂಟ ಓಡುತ್ತದೆ, ಒಂದು ತುಂಡಿನ ನಾರು ಇನ್ನೊಂದರ ಅಂಚಿಗೆ ಮೆತ್ತಿಕೊಂಡು ಬರುತ್ತದೆ. ಆದರೆ ಈ ಶಕ್ತಿಗೆ ಒಂದು ಷರತ್ತಿದೆ. ಅಂಟಿನ ಪದರ ಕೂದಲೆಳೆಯಷ್ಟು ತೆಳುವಾಗಿರಬೇಕು. ದಪ್ಪ ಸಂದನ್ನು ತುಂಬಿ ಹಿಡಿದಿಡುವ ಗುಣ ಈ ಅಂಟಿಗಿಲ್ಲ. ಜೊತೆಗೆ, ಸದಾ ಎಳೆತದಲ್ಲಿದ್ದರೆ ಅದು ಗಟ್ಟಿಯಾದ ಮೇಲೂ ನಿಧಾನವಾಗಿ ಜಾರುತ್ತದೆ, ಬಿಸಿಲಿನ ಕಾವಿನಲ್ಲಿ ಇನ್ನೂ ಬೇಗ. ಬಲವಂತವಾಗಿ ಬಗ್ಗಿಸಿ ಮುಚ್ಚಿದ ಸಂದು ತಿಂಗಳುಗಳ ನಂತರ ತೆರೆದುಕೊಳ್ಳುವುದು ಇದರಿಂದಲೇ. ಕ್ಲಾಂಪ್ ತೆಗೆದ ದಿನ ಹಲಗೆ ಸುಮ್ಮನಿದ್ದಂತೆ ಕಂಡರೂ ಒಳಗಿನ ಸೆಳೆತ ಅಲ್ಲೇ ಇರುತ್ತದೆ.

ಹಾಗಾದರೆ ಒತ್ತಡ ಬೇಡವೇ? ಬೇಕು. ಗಟ್ಟಿ ಮರಕ್ಕೆ ಚದರ ಸೆಂಟಿಮೀಟರಿಗೆ 12ರಿಂದ 17 ಕಿಲೋದಷ್ಟು ಒತ್ತಡ ಕೊಡಿ ಎಂದು ಅಂಟಿನ ಕೈಪಿಡಿಗಳು ಹೇಳುತ್ತವೆ. ಒಂದು ಮೀಟರ್ ಉದ್ದ, 20 ಮಿ.ಮೀ. ದಪ್ಪದ ಅಂಚು ಎಂದರೆ 200 ಚದರ ಸೆಂಟಿಮೀಟರ್. ಲೆಕ್ಕ ಹಾಕಿದರೆ ಸುಮಾರು ಎರಡೂವರೆಯಿಂದ ಮೂರೂವರೆ ಟನ್ ಬರುತ್ತದೆ. ಕೈಯಿಂದ ತಿರುಗಿಸುವ ಒಂದು ಕ್ಲಾಂಪ್ ಕೊಡುವುದು ಕೆಲವು ನೂರು ಕಿಲೋ ಮಾತ್ರ. ಅಂದರೆ ಮನೆಯ ಕಾರ್ಯಾಗಾರ ಕೈಪಿಡಿಯ ಅಂಕಿಯನ್ನು ಮುಟ್ಟುವುದೇ ಅಪರೂಪ. ಮುಟ್ಟದೆಯೂ ಒಳ್ಳೆಯ ಜೋಡಣೆಗಳು ಆಗುತ್ತಿವೆ, ಏಕೆಂದರೆ ನೆಟ್ಟಗೆ ಹತ್ತರಿ ಹಿಡಿದ ಅಂಚುಗಳಿಗೆ ಅಂಟನ್ನು ತೆಳುವಾಗಿಸಲು ಅಷ್ಟು ಬಲ ಬೇಕಾಗುವುದಿಲ್ಲ. "ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಬಂದು ಜೋಡಣೆ ಒಣಗಿಹೋಗುತ್ತದೆ" ಎಂಬ ಹೆದರಿಕೆಯನ್ನೂ ನಾನು ಒಪ್ಪುವುದಿಲ್ಲ. ಅಂಟು ಸಾಲದೆ ಹೋಗುವುದು ಬಹುಪಾಲು ಬಳಿದದ್ದೇ ಕಡಿಮೆಯಾದಾಗ, ಇಲ್ಲವೇ ಬಳಿದು ಹತ್ತು ನಿಮಿಷ ಬಿಟ್ಟು ಅದು ಚರ್ಮಗಟ್ಟಿದ ಮೇಲೆ ಕೂಡಿಸಿದಾಗ. ಅತಿಯಾಗಿ ಬಿಗಿಯುವುದರ ನಿಜವಾದ ಕೇಡು ಬೇರೆ: ಹಲಗೆ ಡೊಂಕಾಗುತ್ತದೆ.

ಈ ಡೊಂಕು ಎಲ್ಲಿಂದ ಬರುತ್ತದೆಂದು ಹತ್ತಿರ ಕೂತು ನೋಡಿದರೆ ತಿಳಿಯುತ್ತದೆ. ಬಾರ್ ಕ್ಲಾಂಪಿನ ಸ್ಕ್ರೂ ಹಲಗೆಯ ದಪ್ಪದ ನಡುಮಧ್ಯಕ್ಕೆ ಒತ್ತುತ್ತಿದೆಯೇ ಎನ್ನುವುದೇ ಮುಖ್ಯ. ಸ್ಕ್ರೂ ತುಸು ಮೇಲಿದ್ದರೆ ಅಂಚಿನ ಮೇಲ್ಭಾಗ ಮೊದಲು ಮುಚ್ಚಿ ಕೆಳಭಾಗ ಬಾಯಿ ತೆರೆಯುತ್ತದೆ, ಇಡೀ ಹಲಗೆ ದೋಣಿಯ ಹಾಗೆ ಬಾಗುತ್ತದೆ. ಬಿಗಿ ಹೆಚ್ಚಾದಂತೆ ಕಬ್ಬಿಣದ ಬಾರ್ ಕೂಡ ಬಾಗಿ ಈ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದಕ್ಕೆಂದೇ ಒಂದು ಕ್ಲಾಂಪ್ ಹಲಗೆಯ ಕೆಳಗೆ, ಇನ್ನೊಂದು ಮೇಲೆ ಎಂದು ಬದಲಾಯಿಸಿ ಹಾಕುವುದು. ಇದು ಒಳ್ಳೆಯ ಕ್ರಮ, ಆದರೆ ಓರೆಯನ್ನು ಓರೆಯಿಂದ ಸರಿದೂಗಿಸುವ ಕ್ರಮ. ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಕ್ಲಾಂಪಿನ ದವಡೆಗೂ ಹಲಗೆಯ ಅಂಚಿಗೂ ನಡುವೆ ಬೆರಳುಗಾತ್ರದ ದುಂಡು ಕೋಲನ್ನು ಮಧ್ಯಕ್ಕೆ ಸರಿಯಾಗಿ ಇಡುವುದು. ದವಡೆ ಹೇಗೇ ವಾಲಿದರೂ ಬಲ ಕೋಲಿನ ಮೂಲಕ ಅಂಚಿನ ನಡುವಿಗೇ ಇಳಿಯುತ್ತದೆ. ಕವಡೆ ಕಾಸಿನ ಖರ್ಚಿಲ್ಲದ ಈ ಉಪಾಯ ದುಬಾರಿ ಪ್ಯಾರಲಲ್ ಕ್ಲಾಂಪಿನ ಅರ್ಧ ಕೆಲಸ ಮಾಡಿಬಿಡುತ್ತದೆ.

ಕ್ಲಾಂಪುಗಳ ವಿಷಯಕ್ಕೆ ಬಂದರೆ, ಹೊಸಬರು ಅಂಗಡಿಯಿಂದ ಅಗ್ಗದ ಎಫ್ ಕ್ಲಾಂಪುಗಳ ರಾಶಿ ತರುವುದಕ್ಕಿಂತ ಬೆಣೆಯ ಚೌಕಟ್ಟನ್ನು ಮಾಡಿಕೊಳ್ಳುವುದು ಮೇಲು ಎಂದು ಒತ್ತಿ ಹೇಳುತ್ತೇನೆ. ಮೇಲೊಂದು ಕೆಳಗೊಂದು ಗಟ್ಟಿ ರೀಪು, ಎರಡರ ನಡುವೆ ಹಲಗೆ, ತುದಿಗಳಲ್ಲಿ ಬೋಲ್ಟು ಹಾಕಿದ ತುಂಡುಗಳು, ಒಂದು ತುದಿಯಲ್ಲಿ ಎದುರುಬದುರಾದ ಜೋಡಿ ಬೆಣೆ. ಹತ್ತಕ್ಕೆ ಒಂದರ ಇಳಿಜಾರಿನ ಬೆಣೆಗೆ ಸುತ್ತಿಗೆಯ ನಾಲ್ಕು ಪೆಟ್ಟು ಕೊಟ್ಟರೆ ಸಾಕಷ್ಟು ಬಿಗಿ ಬರುತ್ತದೆ, ರೀಪುಗಳು ಹಲಗೆಯನ್ನು ಮೇಲೆ ಕೆಳಗೆ ಹಿಡಿದು ಮಟ್ಟಸವಾಗಿ ಇಡುತ್ತವೆ. ಒಂದೇ ಅಳತೆಗೆ ಕಟ್ಟಿಹಾಕುತ್ತದೆ ಎನ್ನುವುದು ಇದರ ಕೊರತೆ. ಅಗಲ ಬದಲಾದರೆ ಬೋಲ್ಟಿನ ತೂತನ್ನು ಸರಿಸಬೇಕು. ಸಮಯ ಹಿಡಿಯುತ್ತದೆ, ಅಂಟು ಹಸಿಯಿರುವಾಗ ಜೊತೆಗೆ ಇನ್ನೊಂದು ಕೈಯೂ ಬೇಕು. ರೀಪಿಗೆ ಮೇಣ ತಿಕ್ಕದಿದ್ದರೆ ಅದೂ ಹಲಗೆಗೇ ಅಂಟಿಕೊಳ್ಳುತ್ತದೆ. ಆದರೂ ಮೂರು ಇಂಥ ಚೌಕಟ್ಟುಗಳಿದ್ದರೆ ಒಂದೂವರೆ ಮೀಟರಿನ ಮೇಜಿಗೆ ಸಾಕು.

ಇಷ್ಟೆಲ್ಲ ಆದರೂ ತೀರ್ಮಾನವಾಗುವುದು ಅಂಚಿನಲ್ಲಿ. ಜೋಡಿಯಾಗಬೇಕಾದ ಎರಡು ಹಲಗೆಗಳನ್ನು ಬೆನ್ನಿಗೆ ಬೆನ್ನು ತಾಗಿಸಿ, ಎರಡರ ಅಂಚನ್ನೂ ಒಟ್ಟಿಗೆ ಹತ್ತರಿ ಹೊಡೆಯುವ ಹಳೆಯ ಪದ್ಧತಿಗೆ ಸಮನಾದದ್ದು ಇನ್ನೊಂದಿಲ್ಲ. ಹತ್ತರಿ ಒಂದು ಡಿಗ್ರಿ ವಾಲಿದರೆ ಒಂದು ಅಂಚು 89 ಆಗುತ್ತದೆ, ಇನ್ನೊಂದು 91. ಬಿಡಿಸಿ ಕೂಡಿಸಿದಾಗ ಮತ್ತೆ 180, ಮೇಲ್ಮೈ ಮಟ್ಟಸ. ನಂತರ ಒಂದನ್ನು ಇನ್ನೊಂದರ ಮೇಲೆ ನಿಲ್ಲಿಸಿ, ಹಿಂದೆ ದೀಪವಿಟ್ಟು ನೋಡಬೇಕು. ಬೆಳಕಿನ ಗೆರೆ ಕಾಣಬಾರದು. ಮೇಲಿನ ಹಲಗೆಯನ್ನು ಬೆರಳಿನಿಂದ ತಳ್ಳಿದಾಗ ಅದು ನಡುವೆ ತಿರುಗಿದರೆ ನಡುವು ಉಬ್ಬಿದೆ, ಇನ್ನೊಮ್ಮೆ ಹತ್ತರಿ ಹಿಡಿಯಬೇಕು. ತುದಿಗಳಲ್ಲಿ ತಡೆದು ನಿಂತರೆ ಸರಿಯಿದೆ. ಕೈಯ ಒತ್ತಡಕ್ಕೇ ಮುಚ್ಚಿದ ಸಂದಿಗೆ ಮಾತ್ರ ಕ್ಲಾಂಪ್ ಹಾಕಬೇಕು, ಸಂದು ಹಾಗೆ ಮುಚ್ಚುವವರೆಗೆ ಅಂಟಿನ ಡಬ್ಬಿ ತೆರೆಯಲೇಬಾರದು.

ನಡುವನ್ನು ಕಾಗದದ ದಪ್ಪದಷ್ಟು ಬೇಕೆಂದೇ ತಗ್ಗಿಸುವವರಿದ್ದಾರೆ. ಹಲಗೆಯ ತುದಿಗಳು ಮೊದಲು ಒಣಗಿ ಕುಗ್ಗುತ್ತವೆ, ಆಗ ಅಲ್ಲಿ ಮೊದಲೇ ಹೆಚ್ಚುವರಿ ಒತ್ತಡವಿದ್ದರೆ ಬಿರಿಯುವುದಿಲ್ಲ ಎನ್ನುವುದು ಅವರ ವಾದ. ವಾದ ಸರಿ. ಆದರೆ ನೆಟ್ಟಗಿನ ಅಂಚನ್ನು ತೆಗೆಯಬಲ್ಲವರ ಕೈಯಲ್ಲಿ ಮಾತ್ರ ಅದು ಕಾಗದದ ದಪ್ಪದಲ್ಲಿ ನಿಲ್ಲುತ್ತದೆ. ಉಳಿದವರ ಕೈಯಲ್ಲಿ ಅದೇ ದೊಡ್ಡ ಸಂದಿಗೆ ನೆಪವಾಗುತ್ತದೆ.

ಬೆಳವಣಿಗೆಯ ಉಂಗುರಗಳ ಬಾಗು ಒಂದು ಹಲಗೆಯಲ್ಲಿ ಮೇಲಕ್ಕೆ, ಪಕ್ಕದ್ದರಲ್ಲಿ ಕೆಳಕ್ಕೆ ಬರುವಂತೆ ಜೋಡಿಸಬೇಕೆಂಬ ನಿಯಮವೂ ಅರ್ಧ ಸತ್ಯ. ಹಾಗೆ ಮಾಡಿದರೆ ಮರ ಬಾಗಿದಾಗ ಮೇಲ್ಮೈ ಅಲೆಅಲೆಯಾಗುತ್ತದೆ, ಮಾಡದಿದ್ದರೆ ಒಂದೇ ದೊಡ್ಡ ಬಾಗು. ಕೆಳಗೆ ಚೌಕಟ್ಟಿಗೆ ಹಿಡಿಸುವ ಮೇಜಿನಲ್ಲಿ ಆ ಒಂದು ಬಾಗನ್ನು ಎಳೆದು ಹಿಡಿಯುವುದು ಸುಲಭ. ಎಳೆಯ ದಿಕ್ಕು, ಬಣ್ಣ, ಮೇಲೆ ಕಾಣುವ ಚಂದ ನೋಡಿ ಹಲಗೆ ಆರಿಸಿಕೊಳ್ಳಿ ಎನ್ನುತ್ತೇನೆ.

ತೇವಾಂಶದ ಕಡೆಗೆ ಮಾತ್ರ ಎಷ್ಟು ಗಮನ ಕೊಟ್ಟರೂ ಹೆಚ್ಚಲ್ಲ. ಒಂದೇ ಮೇಜಿಗೆ ಹೋಗುವ ಹಲಗೆಗಳು ಒಂದೇ ಕೋಣೆಯಲ್ಲಿ ವಾರಗಟ್ಟಲೆ ಒಟ್ಟಿಗಿದ್ದು ಒಂದೇ ತೇವಕ್ಕೆ ಬಂದಿರಬೇಕು. ಮಂಗಳೂರಿನ ಮಳೆಗಾಲದಲ್ಲಿ ಅಂಟಿಸಿದ್ದು ಬಳ್ಳಾರಿಯ ಏಪ್ರಿಲ್ಲಿಗೆ ಹೋದರೆ ಕುಗ್ಗಿಯೇ ತೀರುತ್ತದೆ. ತೇಗ, ಮರಗಳಲ್ಲಿ ಶಾಂತ ಸ್ವಭಾವದ್ದು. ಆದರೂ 600 ಮಿ.ಮೀ. ಅಗಲದ ಹಲಗೆ, ಉಂಗುರಗಳು ಅಗಲಕ್ಕೆ ಸಮಾಂತರವಾಗಿ ಬರುವಂತೆ ಕೊಯ್ದದ್ದಾದರೆ, ತೇವಾಂಶ ಶೇ. 5ರಷ್ಟು ಬದಲಾದಾಗ ಸುಮಾರು 5 ಮಿ.ಮೀ. ಆಡುತ್ತದೆ. ಉದ್ದಕ್ಕೆ ಲೆಕ್ಕಕ್ಕೆ ಬರುವಷ್ಟು ಆಡುವುದಿಲ್ಲ. ತೇಗದ ಎಣ್ಣೆಯ ಅಂಶ ಅಂಟಿಗೆ ಅಡ್ಡಿಮಾಡುವುದರಿಂದ ಹತ್ತರಿ ಹಿಡಿದ ದಿನವೇ ಅಂಟಿಸುವುದು ಒಳ್ಳೆಯದು.

ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸುವುದನ್ನು ಬಿಡಬೇಕು. ಅದು ತೆಳುವಾಗಿ ಮರದ ರಂಧ್ರಕ್ಕಿಳಿದು ಪಾಲಿಶ್ ಹಾಕಿದಾಗ ಮಾಸಲು ಕಲೆಯಾಗಿ ಎದ್ದು ಕಾಣುತ್ತದೆ. ಮುಕ್ಕಾಲು ಗಂಟೆ ಬಿಟ್ಟರೆ ಅಂಟು ರಬ್ಬರಿನಂತಾಗುತ್ತದೆ, ಆಗ ಉಳಿಯ ಬಾಯಿಂದ ಇಡೀ ಎಳೆಯಾಗಿ ಎದ್ದುಬರುತ್ತದೆ. ಮತ್ತಿ, ಜಾಲಿಯಂಥ ಮರಕ್ಕೆ ಹಸಿ ಅಂಟಿನ ಜೊತೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಕೂರುತ್ತದೆ, ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಮರುದಿನವೇ ಹತ್ತರಿ ಹಿಡಿದು ಮಟ್ಟ ಮಾಡುವ ಆತುರವೂ ಬೇಡ. ಅಂಟಿನ ನೀರು ಕುಡಿದು ಜೋಡಣೆಯ ಅಕ್ಕಪಕ್ಕದ ಮರ ಉಬ್ಬಿರುತ್ತದೆ. ಉಬ್ಬಿದ್ದನ್ನು ಸಮ ಮಾಡಿದರೆ ಅದು ಒಣಗಿದ ಮೇಲೆ ಪ್ರತಿ ಗೆರೆಯಲ್ಲೂ ತಗ್ಗು ಬೀಳುತ್ತದೆ. ಕಾಯುವ ದಿನಗಳಲ್ಲಿ ಹಲಗೆಯನ್ನು ನೆಲದ ಮೇಲೆ ಮಲಗಿಸದೆ ಎರಡೂ ಮೈಗೆ ಗಾಳಿಯಾಡುವಂತೆ ಗೋಡೆಗೆ ಒರಗಿಸಬೇಕು. ಪಾಲಿಶ್ ಕೂಡ ಎರಡೂ ಮೈಗೆ ಆಗಬೇಕು.

ಇಷ್ಟು ಜತನದಿಂದ ಕೂಡಿಸಿದ ಹಲಗೆಯನ್ನು ಕೊನೆಯಲ್ಲಿ ಮೇಜಿನ ಚೌಕಟ್ಟಿಗೆ ಸುತ್ತಲೂ ಸ್ಕ್ರೂ ಬಿಗಿದು ಅಲುಗಾಡದಂತೆ ಮಾಡುವವರನ್ನು ಕಂಡಾಗ ಬೇಸರವಾಗುತ್ತದೆ. ಐದು ಮಿ.ಮೀ. ಆಡಬೇಕಾದ ಮರಕ್ಕೆ ಜಾಗ ಕೊಡದಿದ್ದರೆ ಅದು ಅಂಟನ್ನಾದರೂ ಸೀಳುತ್ತದೆ, ತನ್ನನ್ನಾದರೂ ಸೀಳಿಕೊಳ್ಳುತ್ತದೆ. ಚೌಕಟ್ಟಿನ ಅಡ್ಡಪಟ್ಟಿಯಲ್ಲಿ ಸ್ಕ್ರೂವಿನ ನಡುವಿನ ತೂತು ದುಂಡಗಿರಲಿ, ಅಂಚಿನ ಕಡೆಯವು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿರಲಿ, ಅಲ್ಲಿ ಸ್ಕ್ರೂವಿನ ತಲೆ ವಾಷರಿನ ಮೇಲೆ ಜಾರುವಷ್ಟು ಮಾತ್ರ ಬಿಗಿಯಾಗಲಿ.