ಓರೆನೋಟಕ್ಕೆ ಒಲಿಯುವ ದೇವಯಾನಿ

ಎಳ್ಳಮಾವಾಸ್ಯೆಯಂದು ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಗಡಿಹಳ್ಳಿಗಳ ಕನ್ನಡ ಮನೆಗಳವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಹೊತ್ತಿಳಿಯುವಾಗ ಊರಿಗೆ ಹೊರಡುತ್ತಾರೆ. ಈ ಸಲ ಇನ್ನೆರಡು ತಾಸು ಹೊಲದಲ್ಲೇ ಇರಿ. ಚಂದ್ರನಿಲ್ಲದ, ಮಳೆಮೋಡದ ಕಾಟವಿಲ್ಲದ ಆ ರಾತ್ರಿ ನಕ್ಷತ್ರ ನೋಡುವವರಿಗೆ ದೊಡ್ಡ ಹಬ್ಬ. ಅದಕ್ಕೆ ಬೇಕಾದದ್ದು ಕಣ್ಣೊಂದೇ. ಆದರೆ ಕತ್ತಲಲ್ಲಿ ಅದರ ನಡೆ ಬೇರೆ.

ಕತ್ತಲಿಗೆ ಬಂದಕೂಡಲೇ ಕಣ್ಣಪಾಪೆ ಹಿಗ್ಗುತ್ತದೆ. ಅಷ್ಟೇ ಸಾಲದು. ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು ಅರ್ಧ ತಾಸಿಗೂ ಮಿಕ್ಕಿ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಕಾದದ್ದೆಲ್ಲ ವ್ಯರ್ಥ. ದಾರಿಗೆ ದೀಪ ಬೇಕೇ ಬೇಕೆಂದರೆ ಬ್ಯಾಟರಿಗೆ ಕೆಂಪು ಹಾಳೆ ಸುತ್ತಿ. ಮಂದವಾದ ಕೆಂಪು ಬೆಳಕು ದಂಡಕೋಶಗಳನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಎಂಟು ಗಂಟೆಯ ಹೊತ್ತಿಗೆ ವಾಯವ್ಯದಲ್ಲಿ, ಸಾಕಷ್ಟು ಎತ್ತರದಲ್ಲಿ, ದೇವಯಾನಿ ಗೆಲಾಕ್ಸಿಯನ್ನು ಹುಡುಕಿ. ನೆಟ್ಟ ನೋಟಕ್ಕೆ ಅದು ಮಾಯವಾಗಬಹುದು. ಅಕ್ಷಿಪಟಲದ ನಟ್ಟನಡುವೆ ಇರುವುದು ಹಗಲಿನ ಶಂಕುಕೋಶಗಳು. ದಂಡಕೋಶಗಳ ದಟ್ಟಣೆ ಅದರ ಸುತ್ತಣ ಭಾಗದಲ್ಲಿ. ಹಾಗಾಗಿ ನೋಟವನ್ನು ಹತ್ತು ಡಿಗ್ರಿಯಷ್ಟು ಪಕ್ಕಕ್ಕೆ ಸರಿಸಿ, ಗಮನ ಮಾತ್ರ ಅಲ್ಲೇ ಇರಲಿ. ಬಲಗಣ್ಣಿನಲ್ಲಿ ನೋಡುತ್ತಿದ್ದರೆ ಬಲಕ್ಕೆ, ಎಡಗಣ್ಣಾದರೆ ಎಡಕ್ಕೆ. ಆಗ ಕಣ್ಣಿನ ಕುರುಡುಚುಕ್ಕೆ ಅಡ್ಡ ಬರುವುದಿಲ್ಲ. ಹಿಂಜಿದ ಅರಳೆಯಂಥ ಮಸುಕು ಮೂಡುತ್ತದೆ. ಆ ಬೆಳಕು 25 ಲಕ್ಷ ವರ್ಷ ಪ್ರಯಾಣ ಮಾಡಿ ನಿಮ್ಮ ಕಣ್ಣಿಗೆ ತಲುಪಿದೆ.

ಕೆಂಪು ತಾರೆಗಳಿಗೆ ನಿಯಮ ತಿರುಗುಮುರುಗು. ಅವನ್ನು ದಿಟ್ಟಿಸುತ್ತ ಹೋದಂತೆ ಇದ್ದುದಕ್ಕಿಂತ ಹೆಚ್ಚು ಪ್ರಕಾಶವಾಗಿ ಕಾಣುತ್ತವೆ. ಆರ್ದ್ರಾ ನಕ್ಷತ್ರವನ್ನು ರೋಹಿಣಿಯೊಂದಿಗೆ ಹೋಲಿಸುವಾಗ ಎರಡರ ಮೇಲೂ ಚುಟುಕು ನೋಟ ಹಾಯಿಸಿ. 2020ರ ಫೆಬ್ರವರಿ ಹೊತ್ತಿಗೆ ಆರ್ದ್ರಾ ಮಂಕಾಗಿದ್ದುದು ಬರಿಗಣ್ಣಿಗೇ ತಿಳಿಯುತ್ತಿತ್ತು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ತಂದೆ ಕೆಲಸಕ್ಕಿದ್ದುದರಿಂದ ಆಕಾಶದ ನಂಟಿನಲ್ಲೇ ಬೆಳೆದ ವೈನು ಬಾಪ್ಪು ವಿದ್ಯಾರ್ಥಿಯಾಗಿದ್ದಾಗಲೇ ಹೀಗೆ ಬೆಳಕು ಏರಿಳಿಯುವ ತಾರೆಗಳನ್ನು ಗಮನಿಸಿ ಪ್ರಬಂಧ ಪ್ರಕಟಿಸಿದ್ದರು. ಮುಂದೆ ಕಾವಲೂರಿನ ವೀಕ್ಷಣಾಲಯ ಕಟ್ಟಿದವರೂ ಅವರೇ.

ವಯಸ್ಸಿನ ಲೆಕ್ಕವನ್ನೂ ಮರೆಯಬಾರದು. ಹರೆಯದಲ್ಲಿ ಕತ್ತಲಿಗೆ 7 ಮಿ.ಮೀ. ಹಿಗ್ಗುವ ಪಾಪೆ ಇಳಿವಯಸ್ಸಿನಲ್ಲಿ ಹಲವರಿಗೆ 5 ಮಿ.ಮೀ. ದಾಟುವುದಿಲ್ಲ. 7x50 ದುರ್ಬೀನಿನಿಂದ ಹೊರಬರುವ ಬೆಳಕಿನ ಕೋಲಿನ ಅಗಲ ಸುಮಾರು 7 ಮಿ.ಮೀ.; ಹಿರಿಯರಿಗೆ ಅದರ ಅಂಚಿನ ಬೆಳಕು ದಕ್ಕುವುದಿಲ್ಲ. 10x50ರಲ್ಲಿ ಆ ಅಗಲ 5 ಮಿ.ಮೀ. ಮಾತ್ರ, ಅಷ್ಟೂ ಒಳಗೆ ಹೋಗುತ್ತದೆ. ಆದ್ದರಿಂದ ಮನೆಯ ಹಿರಿಯರಿಗೆ ದುರ್ಬೀನು ತರುವುದಾದರೆ 10x50 ತನ್ನಿ. ಅದಕ್ಕೂ ಮೊದಲು ಅವರ ಕನ್ನಡಕದ ನಂಬರು ಪರೀಕ್ಷೆ ಮಾಡಿಸಿ. ನಂಬರು ತಪ್ಪಿದ ಕಣ್ಣಿಗೆ ತಾರೆಗಳು ಹಿಗ್ಗಿ ಮಸುಕಾಗುತ್ತವೆ, ಸಣ್ಣವು ಕಾಣುವುದೇ ಇಲ್ಲ. ಸರಿಯಾದ ಗಾಜು ಹಾಕಿದ ದಿನವೇ ಕೃತ್ತಿಕೆಯ ಗುಂಪಿನಲ್ಲಿ ಆರು ಚುಕ್ಕೆಗಳನ್ನು ಅವರೇ ಎಣಿಸಿಯಾರು.