ಬಡತನದ ಕಥೆಯ ಆಚೆಗೆ ಗೋಪಾಲಗೌಡರು

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಮಾತು ಬಂದರೆ ಅದು ಬೇಗನೆ ಅವರ ಬಡತನಕ್ಕೆ ಬಂದು ನಿಲ್ಲುತ್ತದೆ. ಮೂರು ಸಲ ಶಾಸಕರಾದರೂ ಆಸ್ತಿ ಮಾಡಲಿಲ್ಲ, ಅಧಿಕಾರಕ್ಕೆ ಕೈಯೊಡ್ಡಲಿಲ್ಲ, 1972ರ ಜೂನ್‌ನಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಎಲ್ಲವೂ ನಿಜ. ಆದರೆ ಈ ಪೂಜೆಯಲ್ಲಿ ಅವರಿಗೊಂದು ಅನ್ಯಾಯವೂ ಆಗಿದೆ. ಅವರು ಜೀವ ತೇದದ್ದು ನೆಲದ ಪ್ರಶ್ನೆಗಾಗಿ. ಆ ಕೆಲಸವನ್ನು ತೂಗಿ ನೋಡುವ ಗೋಜಿಗೆ ನಾವು ಹೋಗುವುದಿಲ್ಲ. ಅನಂತಮೂರ್ತಿಯವರ ‘ಅವಸ್ಥೆ’ (1978) ಬಂದ ಮೇಲಂತೂ ಅನೇಕರು ಕಾದಂಬರಿಯ ಕೃಷ್ಣಪ್ಪಗೌಡನನ್ನೇ ಗೋಪಾಲಗೌಡರೆಂದು ಓದಿಕೊಂಡರು. ನಾಯಕನ ಒಳತೋಟಿ ನೆನಪಿನಲ್ಲಿ ಉಳಿಯಿತು, ಶಾಸಕನ ವಾದ ಮರೆಯಾಯಿತು.

ಆ ವಾದದ ಬೇರು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿದೆ. ಜಗಳ ಹುಟ್ಟಿದ್ದು ಒಂದು ಅಳತೆಯ ಪಾತ್ರೆಯಿಂದ. ಗೇಣಿ ಭತ್ತ ಅಳೆಸಿಕೊಳ್ಳಲು ಒಡೆಯರು ಇಟ್ಟುಕೊಂಡಿದ್ದ ಕೊಳಗ, ಸರ್ಕಾರ ಗೊತ್ತುಪಡಿಸಿದ ಕೊಳಗಕ್ಕಿಂತ ದೊಡ್ಡದು. ಒಂದು ಕೊಳಗದಲ್ಲಿ ಹೆಚ್ಚಿಗೆ ಹೋಗುವ ಭತ್ತ ಕೆಲವು ಬೊಗಸೆ ಅಷ್ಟೆ. ಕಣದ ರಾಶಿಯೆಲ್ಲ ಅಳೆದು ಮುಗಿಯುವ ಹೊತ್ತಿಗೆ ಉಳುವವನ ಮನೆಯ ಮಳೆಗಾಲದ ಊಟಕ್ಕೇ ಕೊರತೆ ಬೀಳುತ್ತಿತ್ತು. ಇದನ್ನು ಪ್ರಶ್ನಿಸಿ, ಹೆಚ್ಚಾಗಿ ದೀವರ ಸಮುದಾಯದವರೇ ಆಗಿದ್ದ ಗೇಣಿದಾರರನ್ನು ಮೊದಲು ಕಟ್ಟಿ ನಿಲ್ಲಿಸಿದವರು ಎಚ್. ಗಣಪತಿಯಪ್ಪ. ಪ್ರಶ್ನಿಸಿದವರ ಕೈಯಿಂದ ಒಡೆಯರು ಗದ್ದೆ ಬಿಡಿಸಿದರು. 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹಿಡಿದು ಅದೇ ಗದ್ದೆಗೆ ಇಳಿದು ಜೈಲು ಸೇರಿದರು. ಗೋಪಾಲಗೌಡರೂ ಅವರ ಸಮಾಜವಾದಿ ಸಂಗಾತಿಗಳೂ ಮಾಡಿದ ದೊಡ್ಡ ಕೆಲಸವೆಂದರೆ ಕೊಳಗದ ತಕರಾರನ್ನು ಒಡೆತನದ ಪ್ರಶ್ನೆಯಾಗಿ ಬೆಳೆಸಿದ್ದು. ಜೂನ್‌ನಲ್ಲಿ ಸಮಾಜವಾದಿ ನಾಯಕ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಗೌಡರನ್ನು ಹೊಗಳುವ ಭರದಲ್ಲಿ ಗಣಪತಿಯಪ್ಪನವರನ್ನು ಅಡಿಟಿಪ್ಪಣಿ ಮಾಡುವವರನ್ನು ನಾನು ಒಪ್ಪಲಾರೆ. ಒಬ್ಬರು ಬೆಂಕಿ ಹಚ್ಚಿದರು, ಇನ್ನೊಬ್ಬರು ಅದನ್ನು ವಿಧಾನಸಭೆಯವರೆಗೆ ಒಯ್ದರು.

ಒಯ್ದ ಬಗೆ ಗಮನಿಸಬೇಕು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಲ್ಲಿ ಅವರು ಜನರ ಮುಂದಿಟ್ಟದ್ದು ‘ಒಂದು ಓಟು, ಒಂದು ನೋಟು’ ಎಂಬ ಕೋರಿಕೆ. ಇದನ್ನು ಸರಳತೆಯ ಉದಾಹರಣೆಯಾಗಿ ಹೇಳುವುದು ರೂಢಿ. ನನಗೆ ಇದು ಅವರ ಪ್ರಜಾಪ್ರಭುತ್ವದ ತಿರುಳು. ನೋಟು ಕೊಟ್ಟ ಗೇಣಿದಾರ ನಾಳೆ ಶಾಸಕನ ಎದುರು ನಿಂತು ಲೆಕ್ಕ ಕೇಳಬಲ್ಲ. ಒಡೆಯನ ಅಂಗಳದಲ್ಲಿ ತಲೆ ತಗ್ಗಿಸಿ ನಿಂತವನಿಗೆ ಅದು ಸಣ್ಣ ಸಂಗತಿಯಲ್ಲ. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಉದ್ದಕ್ಕೂ ವಿರೋಧ ಪಕ್ಷದಲ್ಲೇ ಇದ್ದು, ಗೇಣಿದಾರನ ಸಂಕಟವನ್ನು ಸದನ ಉತ್ತರ ಕೊಡಲೇಬೇಕಾದ ವಿಷಯವನ್ನಾಗಿ ಮಾಡಿದರು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂಬ ಅವರ ಹಟ ಕೈಗೂಡಿದ್ದು ಅವರು ಹೋದ ಮರುವರ್ಷ.

ಕೊರತೆಯನ್ನೂ ಹೇಳಬೇಕು. ಮಲೆನಾಡಿನ ಅಡಿಕೆ ಬೆಳೆಗಾರರು 1939ರಲ್ಲೇ ಮ್ಯಾಮ್‌ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡು ಮಂಡಿ ಸಾಹುಕಾರರ ಎದುರು ನಿಂತಿದ್ದರು. ಭತ್ತದ ಗೇಣಿದಾರನಿಗೆ ಅಂಥ ಆಸರೆ ಕಟ್ಟಿಕೊಡುವ ಕೆಲಸವನ್ನು ಸಮಾಜವಾದಿಗಳು ಹೋರಾಟದಷ್ಟೇ ಹಟದಿಂದ ಕೈಗೆತ್ತಿಕೊಳ್ಳಲಿಲ್ಲ. ಪಕ್ಷ ಒಡೆಯಿತು, ಕೂಡಿತು, ಮತ್ತೆ ಒಡೆಯಿತು. ವ್ಯಕ್ತಿಯ ನೈತಿಕ ಬಲದ ಮೇಲೆ ನಿಂತ ರಾಜಕಾರಣ ಆ ವ್ಯಕ್ತಿ ಇಲ್ಲವಾದಾಗ ಸೊರಗಿತು. ಗೇಣಿ ಪದ್ಧತಿಗೆ ಕೊನೆಯ ಪೆಟ್ಟು ಕೊಟ್ಟದ್ದು ಅವರು ಜೀವಮಾನವೆಲ್ಲ ಎದುರಿಸಿದ ಕಾಂಗ್ರೆಸ್ಸಿನ ದೇವರಾಜ ಅರಸರು ಭೂಸುಧಾರಣಾ ಕಾಯ್ದೆಗೆ ತಂದ 1974ರ ತಿದ್ದುಪಡಿ. ಅದರಡಿ ಗೇಣಿ ತಕರಾರು ತೀರ್ಮಾನಿಸುವ ಭೂನ್ಯಾಯ ಮಂಡಳಿಯಲ್ಲಿ ಸ್ಥಳೀಯ ಸದಸ್ಯರು ಕೂತರು, ವಕೀಲರಿಗೆ ಪ್ರವೇಶವಿರಲಿಲ್ಲ, ಹಕ್ಕು ಕೋರಿ ಡಿಕ್ಲರೇಷನ್ ಕೊಟ್ಟ ಗೇಣಿದಾರ ತಾನೇ ಬಾಯಿಬಿಟ್ಟು ತನ್ನ ಸಾಗುವಳಿಯ ಕಥೆ ಹೇಳಬಹುದಿತ್ತು. ಈ ವ್ಯವಸ್ಥೆಯನ್ನು ನೋಡುವಾಗ ಕಾಗೋಡಿನ ಜೈಲುವಾಸ ವ್ಯರ್ಥವಾಗಲಿಲ್ಲ ಅನ್ನಿಸುತ್ತದೆ. ಕಾಯ್ದೆ ಅರಸರದು, ಅದಕ್ಕೆ ಜನಮನವನ್ನು ಹದ ಮಾಡಿದವರಲ್ಲಿ ಗೋಪಾಲಗೌಡರು ಮುಂಚೂಣಿಯವರು.

ಆದರೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಗೆ ಗೇಣಿದಾರ ಕಂಡಷ್ಟು ಸ್ಪಷ್ಟವಾಗಿ ಉಳಿದವರು ಕಾಣಲಿಲ್ಲ. ಗೇಣಿಯೂ ಇಲ್ಲದೆ ಬರೀ ಕೂಲಿಯ ಮೇಲೆ ಬದುಕಿದವರು ಕಾಯ್ದೆಯ ಹೊರಗೇ ಉಳಿದರು. ಇನ್ನು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ, ಗೋಪಾಲಗೌಡರು ಮೊದಲ ಸಲ ಗೆದ್ದ ಅದೇ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆಗಳು ನೀರಿನಡಿ ಹೋದವು. ಎಷ್ಟೋ ಕುಟುಂಬಗಳನ್ನು ತಂದು ಕಾಡಂಚಿಗೆ ಬಿಟ್ಟದ್ದಾಯಿತು. ಅವರು ಸಾಗುವಳಿ ಮಾಡಿದ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಗೇಣಿದಾರನಿಗೆ ಎದುರಾಳಿ ಒಡೆಯ. ಇವರಿಗೆ ಎದುರಾಳಿ ಸರ್ಕಾರವೇ. ಅಂಥ ಎದುರಾಳಿಯ ಮೇಲೆ ಇನ್ನೊಂದು ಕಾಗೋಡು ನಡೆಯಲಿಲ್ಲ. ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಮುಳುಗಡೆಯ ಎಷ್ಟೋ ಮನೆಗಳವರು ಹಕ್ಕುಪತ್ರಕ್ಕಾಗಿ ಇನ್ನೂ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾರೆ.